ಅಮೆರಿಕದ ಕಾರು ಮತ್ತು ಎತ್ತಿನ ಬಾಲ

ಕೆಲವರ ಮನೆ ಹುಡುಕಿಕೊಂಡು ನೆಂಟರು ಬರುತ್ತಾರೆ, ಕೆಲವರ ಮನೆ ಹುಡುಕಿಕೊಂಡು ಹಾವು ಬರುತ್ತದೆ. ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ತಮಾಷೆ. ಬರದೆ ಇನ್ನೇನು ಮಾಡೀತು? ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಶೋಕಿಗೆ ಅಂತ ಅಮೆರಿಕದ ಕಾರು ಇಟ್ಟವನು ನಾನೊಬ್ಬನೇ. ಇನ್ನೊಬ್ಬ ಇದ್ದ ಅನ್ನುವವರೂ ಇದ್ದಾರೆ. ಅವನದು ಕಾರಲ್ಲ, ಕಾರಿನ ಹಾಗೆ ಕಾಣುತ್ತಿತ್ತು ಅಷ್ಟೆ.

ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಹಾಗಾಗಿ ಬರೆಯುವುದರಲ್ಲಿ ತಪ್ಪಿರಬಹುದು, ಹೇಳುವುದರಲ್ಲಿ ಇಲ್ಲ.

೧. ಎಂಟು ಹಲ್ಲಿನ ಗಾಡಿ

ಆಣೆ ಹೋಗಿ ನಯಾಪೈಸೆ ಬಂದ ಕಾಲ. ಮಧುಗಿರಿಯಲ್ಲಿ ನನ್ನದು ಕಡ್ಲೆಕಾಯಿ ಸುಲಿಯುವ ಮಿಷಿನ್ನು, ಜೊತೆಗೆ ಬಾವಿಗೆ ಇಡುವ ಆಯಿಲ್ ಇಂಜಿನ್ನುಗಳ ರಿಪೇರಿ. ಕೆಟ್ಟು ಕೂತ ಇಂಜಿನ್ನು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಅರ್ಧ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ಒಂದೇ ಸಿಲಿಂಡರಿನ ಇಂಜಿನ್ನು ಎಷ್ಟು ದಿನ ಅಂತ ಬಿಚ್ಚುವುದು? ಅಂಥ ಹೊತ್ತಿನಲ್ಲಿ ಬೆಂಗಳೂರಿನ ದಂಡಿನ ಕಡೆ, ಪೆನ್ಷನ್ ಆದ ಆಫೀಸರೊಬ್ಬರ ಹಿತ್ತಲಲ್ಲಿ ಈ ಕಾರು ಕಂಡಿತು. ಯುದ್ಧದಲ್ಲಿ ಅಮೆರಿಕದ ಸಿಪಾಯಿಗಳು ಬಿಟ್ಟುಹೋದದ್ದಂತೆ. ಒಳಗೆ ಕೋಳಿ ಸಾಕಿದ್ದರು. ಎಂಟು ಸಿಲಿಂಡರು. ಮುಂದಿನ ದೀಪ ನಮ್ಮ ಬೀದಿಯಲ್ಲಿದ್ದರೆ ಹಿಂದಿನ ದೀಪ ಪಕ್ಕದ ಬೀದಿಯಲ್ಲಿ, ಅಷ್ಟು ಉದ್ದ.

ಮೂರು ದಿನ ಅಲ್ಲೇ ಬಿಚ್ಚಿ, ತೊಳೆದು, ಜೋಡಿಸಿ, ಓಡಿಸಿಕೊಂಡೇ ಹೊರಟೆ. ಹಿಂದಿನ ಸೀಟಿನಿಂದ ಒಂದು ಕೋಳಿ ಏಳಲೇ ಇಲ್ಲ. ದಾಬಸ್‌ಪೇಟೆ ದಾಟುವಾಗ ಒಂದು ಮೊಟ್ಟೆ ಇಟ್ಟಿತು, ಕೊರಟಗೆರೆ ದಾಟುವಾಗ ಇನ್ನೊಂದು. ಅಷ್ಟು ಅಲುಗದೆ ಬಂದ ಗಾಡಿ ಅದು.

ಊರಿಗೆಲ್ಲ ಸಂತೋಷ, ನನ್ನ ಮಾವನೊಬ್ಬರನ್ನು ಬಿಟ್ಟು. ಅವರು ನನಗೆ ಸೋದರಮಾವ, ಹೆಣ್ಣು ಕೊಟ್ಟ ಮಾವ ಎರಡೂ ಹೌದು. ಸಿರಾಕ್ಕೆ ಮೂರು ಮೈಲಿ ಈಚೆಗೆ ಅವರ ಹಳ್ಳಿ. ಎತ್ತು ಅಂದರೆ ಅವರು, ಅವರು ಅಂದರೆ ಎತ್ತು. ಕಾರು ನೋಡಲು ಬಂದವರು ಎತ್ತು ನೋಡುವ ಹಾಗೆಯೇ ಮೂರು ಸುತ್ತು ಬಂದರು, ಪಕ್ಕೆಗೆ ತಟ್ಟಿದರು, ಹಿಂದೆ ಬಗ್ಗಿ ನೋಡಿದರು. ಆಮೇಲೆ ಎಷ್ಟು ಹಲ್ಲು ಅಂತ ಕೇಳಿದರು. ಹಲ್ಲಿಲ್ಲ ಮಾವ, ಎಂಟು ಸಿಲಿಂಡರು ಅಂದೆ.

"ಎಂಟು ಹಲ್ಲಾದ್ರೆ ಬಾಯಿಗೂಡ್ತು ಅಂತ ಲೆಕ್ಕ. ವಯಸ್ಸಾದ್ದನ್ನ ತಂದ್ಬುಟ್ಟಿದೀಯ ಕಣ್ಲಾ" ಅಂದರು.

ಕಾಫಿ ಹೋಟೆಲಿನ ಮುಂದೆ ಅಷ್ಟೂ ಜನರ ಎದುರಿಗೆ ಒಂದು ಷರತ್ತನ್ನೂ ಹಾಕಿದರು. ಈ ಗಾಡಿ ಯಾವತ್ತಾದರೂ ಎತ್ತಿನ ಬಾಲದ ಹಿಂದೆ ಎಳೆಸಿಕೊಂಡು ಯಾವುದಾದರೂ ಊರೊಳಕ್ಕೆ ಬಂತೋ, ಅವತ್ತೇ ಅದನ್ನು ಗುಜರಿಗೆ ಹಾಕಿ ನಾಲ್ಕು ಜನರ ಹಾಗೆ ಎತ್ತಿನ ಗಾಡಿ ಕಟ್ಟಬೇಕು. ನಾನು ಎಲೆ ಅಡಿಕೆ ಮುಟ್ಟಿ ಒಪ್ಪಿಕೊಂಡೆ. ಪ್ರಾಯದ ಸೊಕ್ಕು.

ಅಂದಿನಿಂದ ಮಾವ ನಮ್ಮ ಮನೆಗೆ ಯಾವಾಗ ಬಂದರೂ ಮೊದಲು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಬಂಪರಿನ ಕೆಳಗೆ ಬೆರಳಾಡಿಸಿ, ಹಗ್ಗ ಉಜ್ಜಿದ ಗುರುತು ಇದೆಯಾ ಅಂತ ತಡಕುತ್ತಿದ್ದರು. ಇಲ್ಲ ಅಂತ ಖಾತ್ರಿಯಾದ ಮೇಲೆ ಬೇಜಾರಿನಿಂದ ಒಳಗೆ ಬಂದು, ಹಡೆದ ಮಗಳನ್ನು ಚೆನ್ನಾಗಿದ್ದೀಯಾ ಅಂತ ಕೇಳುತ್ತಿದ್ದರು.

೨. ಡ್ರೈವರಮ್ಮ

ಅಮೆರಿಕದಲ್ಲಿ ಎಲ್ಲ ತಿರುವುಮುರುವು. ನಮ್ಮ ಗಾಡಿಗಳಿಗೆ ಸ್ಟೇರಿಂಗು ಬಲಗಡೆ, ಇದಕ್ಕೆ ಎಡಗಡೆ. ನಾನು ಎಡಕ್ಕೆ ಕೂತು ಓಡಿಸಿದರೆ, ಬೇರೆ ಗಾಡಿಗಳಲ್ಲಿ ಡ್ರೈವರು ಕೂರುವ ಜಾಗದಲ್ಲಿ ನಮ್ಮಾಕೆ ಕೂರುತ್ತಿದ್ದಳು.

ಅವರೆಕಾಯಿ ಕಾಲ. ಕೊರಟಗೆರೆಯ ನೆಂಟರ ಮನೆಯಲ್ಲಿ ನಾಮಕರಣ. ಹಿತುಕಿದ ಬೇಳೆ ಸಾರಿಗೆ ಕಾಳು ನಾನೇ ತರುತ್ತೇನೆ ಅಂತ ನಮ್ಮಾಕೆ ಮಾತು ಕೊಟ್ಟಿದ್ದಳು, ಆದರೆ ಹೊರಡುವ ಹೊತ್ತಿಗೆ ಕಾಯಿ ಇನ್ನೂ ಮೂಟೆಯಲ್ಲೇ ಇತ್ತು. ಸರಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಎರಡೂ ಕೈಯಲ್ಲಿ ಸುಲಿಯುತ್ತಾ ಕೂತಳು. ಸಿಪ್ಪೆ ಕಿಟಕಿಯಿಂದ ಹೊರಕ್ಕೆ. ಹಿಂದೆ ತಿರುಗಿ ನೋಡಿದರೆ ಇಪ್ಪತ್ತು ಮೇಕೆ ಕಾರಿನ ಹಿಂದೆ ಸಾಲುಗಟ್ಟಿ ಓಡಿ ಬರುತ್ತಿದ್ದವು.

ದಾರಿಯ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಕೈಬಿಟ್ಟು ನಿಂತು ನೋಡಿದರು. ಬಸ್ಸಿನವರು ನಮ್ಮನ್ನು ದಾಟಿ ಮುಂದೆ ಹೋಗಿ ಸುದ್ದಿ ಹಬ್ಬಿಸಿದರು. ನಾವು ಕೊರಟಗೆರೆ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ನೂರು ಜನ ಕಾಯುತ್ತಿದ್ದರು. ಪೊಲೀಸಿನವರು ಅಡ್ಡ ಬಂದು, ನನ್ನ ಕಡೆ ತಿರುಗಿಯೂ ನೋಡದೆ, ನಮ್ಮಾಕೆಯ ಕಿಟಕಿಗೆ ಹೋಗಿ ಬಹಳ ಮರ್ಯಾದೆಯಿಂದ ಹೇಳಿದರು: "ತಾಯಿ, ಕಾಯಿ ಸುಲಿಯೋದಾದ್ರೆ ಗಾಡಿ ನಿಲ್ಲಿಸ್ಕೊಂಡು ಸುಲೀರಿ. ಜನ ಮಕ್ಕಳು ಓಡಾಡೋ ಜಾಗ."

ಅವಳಾದರೂ ಓಡಿಸುವವಳು ನಾನಲ್ಲ ಅನ್ನಬೇಕೋ ಬೇಡವೋ? ಮೊರ ಒಂದು ಸಲ ಕೇರಿ, "ಅಭ್ಯಾಸ ಆಗೋಗದೆ ಕಣಪ್ಪ" ಅಂದುಬಿಟ್ಟಳು.

ಆಮೇಲೆ ಆ ನಾಮಕರಣದಲ್ಲಿ ಮಗುವನ್ನು ನೋಡಿದವರು ಕಡಿಮೆ, ನಮ್ಮಾಕೆಯನ್ನು ನೋಡಿದವರು ಹೆಚ್ಚು. ಪಂಕ್ತಿಯಲ್ಲಿ ನನ್ನ ಹಿಂದೆ ಕೂತ ಮುದುಕಿ ಪಕ್ಕದವಳಿಗೆ ವಿವರಿಸುತ್ತಿದ್ದಳು. ಗಂಡನೂ ಜೊತೆಯಲ್ಲಿ ಬಂದವ್ನೆ, ಪಾಪ ಹೆದರುಪುಕ್ಕಲ, ಬೀಳದಂಗೆ ಹಿಡ್ಕಳಕ್ಕೆ ಅಂತ ಅವನ ಮುಂದೆಯೂ ಒಂದು ಚಕ್ರ ಮಾಡಿಕೊಟ್ಟವ್ರೆ ಅಂತ.

೩. ಎಡಗಾಲಿಯ ಫಸಲು

ಪಾವಗಡದ ಕಡೆ ಒಂದು ಇಂಜಿನ್ನು ರಿಪೇರಿ ಮುಗಿಸಿ ಬರುತ್ತಿದ್ದೆ. ಹಿಂದಿನ ಎಡಗಡೆ ಟ್ಯೂಬು ಒಡೆಯಿತು. ಸ್ಟೆಪ್ನಿ ಬೆಳಿಗ್ಗೆಯೇ ಒಡೆದಿತ್ತು. ಅಮೆರಿಕದ ಅಳತೆಯ ಟ್ಯೂಬು ಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಅಲ್ಲೂ ಸಿಕ್ಕುವುದು ಪುಣ್ಯವಿದ್ದರೆ. ಸುತ್ತ ಕಲ್ಲು, ಬಿಸಿಲು. ಎತ್ತಿನ ಗಾಡಿಯಲ್ಲಿ ಹುರುಳಿ ಮೂಟೆ ಹೇರಿಕೊಂಡು ಒಬ್ಬ ರೈತ ಬಂದ. ಆ ಕಡೆಯವರು ಕನ್ನಡ ಶುರುಮಾಡಿದರೂ ತೆಲುಗಿನಲ್ಲಿ ಮುಗಿಸುತ್ತಾರೆ. ಗಾಡಿ ನಿಲ್ಲಿಸಿ, ಎದ್ದುಲು ಕಟ್ಟೇದ್ದಾಮನ್ನಾ ಅಂದ. ಎತ್ತು ಕಟ್ಟಿ ಎಳೆಸೋಣವಾ ಅಂತ.

ಎತ್ತು ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ಮಾವನ ಬೆರಳು ಬಂಪರಿನ ಕೆಳಗೆ ಆಡಿದಂತಾಯಿತು. ಷರತ್ತಿನ ಕಥೆ ಹೇಳಿದೆ. ಅವನು ತಲೆ ಕೆರೆದುಕೊಂಡು, ತನ್ನ ಮೂಟೆಗಳನ್ನೂ ನನ್ನ ಟೈರನ್ನೂ ಒಂದು ಸಲ ನೋಡಿದ.

"ಗಾಲಿ ಲೇಕಪೋತೇ ಏಮನ್ನಾ, ಉಲವಲು ಉನ್ನಾಯಿ ಕದಾ" ಅಂದ. ಗಾಳಿ ಇಲ್ಲದಿದ್ದರೆ ಏನಾಯ್ತು, ಹುರುಳಿ ಇದೆಯಲ್ಲ.

ಬುದ್ಧಿವಂತ. ಹರಿದ ಟ್ಯೂಬು ಕಿತ್ತೆಸೆದು, ಟೈರಿನೊಳಗೆ ಹುರುಳಿ ತುಂಬಿ, ಸಂದಿ ಬಿಡದಂತೆ ಗಿಡಿದೆವು. ಹೊರಟಾಗ ಗಾಡಿ ಮೊರದಲ್ಲಿ ಕಾಳು ಕೇರಿದ ಹಾಗೆ ಜರ್ ಜರ್ ಅನ್ನುತ್ತಿತ್ತು, ಎಡಕ್ಕೆ ವಾಲುತ್ತಿತ್ತು. ನಾಗಲಮಡಿಕೆಯ ಹತ್ತಿರ ಹೊಳೆಯಲ್ಲಿ ಆವತ್ತು ನೀರಿತ್ತು. ಇಳಿಸಿದೆ. ನಡುವೆ ಇಂಜಿನ್ನಿಗೆ ನೀರು ತಾಗಿ ನಿಂತುಹೋಯಿತು. ಒಣಗಿಸಿ ಮತ್ತೆ ಹೊರಡಿಸುವ ಹೊತ್ತಿಗೆ ಮಧ್ಯಾಹ್ನ ಹೋಗಿ ಸಂಜೆಯಾಗಿತ್ತು. ದಡ ಹತ್ತಿ ಇಳಿದು ನೋಡುತ್ತೇನೆ, ಹುರುಳಿ ನೆನೆದು ಉಬ್ಬಿ ಟೈರು ತಮಟೆಯ ಹಾಗೆ ಬಿಗಿದು ನಿಂತಿದೆ. ಗಾಳಿ ತುಂಬಿದಾಗಲೂ ಅಷ್ಟು ದುಂಡಗೆ ಇರಲಿಲ್ಲ. ಮಧುಗಿರಿಯ ತನಕ ಹೂವಿನ ಹಾಗೆ ಬಂತು.

ಎರಡು ದಿನ ಬೇರೆ ಕೆಲಸದಲ್ಲಿ ಮರೆತೆ. ಮೂರನೇ ದಿನ ಬೆಳಿಗ್ಗೆ ನಮ್ಮಾಕೆ ಕೂಗಿದಳು. ಟೈರಿನ ಅಂಚಿನ ಸುತ್ತ ಬೆಳ್ಳಗೆ ಮೊಳಕೆ ಇಣುಕುತ್ತಿದೆ. ಮೊಳಕೆ ಬಂದ ಕಾಳು ಬಿಸಾಡುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಬಿಚ್ಚಿಸಿ, ಏಳು ನೀರಲ್ಲಿ ತೊಳೆದು, ಬೀದಿಗೆಲ್ಲ ಸಾರು ಮಾಡಿದಳು.

ಅವತ್ತೇ ಮಾವ ಬಂದರು. ಬಂಪರು ತಡಕಿದರು, ಗುರುತು ಸಿಗಲಿಲ್ಲ, ಮುಖ ಇಳಿಸಿಕೊಂಡು ಊಟಕ್ಕೆ ಕೂತರು. ಎರಡು ಮುದ್ದೆ ಇಳಿದ ಮೇಲೆ, ಕಾಳು ಬಾಳ ಚೆನ್ನಾಗದೆ, ಯಾವ ಹೊಲದ್ದು ಅಂತ ಕೇಳಿದರು. ಹಿಂದಿನ ಎಡಗಾಲಿಯದು ಅಂತ ಮಗಳು ಹೇಳಿದಳು. ಮಾವ ಬೆರಳಲ್ಲಿ ಒಂದು ಕಾಳು ಎತ್ತಿ ನೋಡಿದರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ, "ಇನ್ನೊಂದು ಸೌಟು ಬಿಡವ್ವ. ಬಲಗಾಲಿದು ಕುಯ್ಲಿಗೆ ಬಂದಾಗ್ಲೂ ಹೇಳ್ಕಳ್ಸು" ಅಂದರು.

೪. ಗಾಲಿ ಮುಚ್ಚಳದ ಬಿರಿಯಾನಿ

ಸಿರಾದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಒಬ್ಬ ಸಾಬರಿದ್ದರು. ನನ್ನ ಕಾರಿಗೆ ಡಾಕ್ಟರು ನಾನಾದರೆ ಕಾಂಪೌಂಡರು ಅವರು. ರೇಡಿಯೇಟರು ಸೋರಿದರೆ ಅವರೇ ಬೆಸುಗೆ ಹಾಕಬೇಕು. ಒಂದು ಸಲ ಹಳ್ಳದಲ್ಲಿ ಗಾಲಿಯ ನಾಲ್ಕು ಮುಚ್ಚಳದಲ್ಲಿ ಮೂರು ಬಿದ್ದುಹೋದವು. ಮೊರದಗಲದ, ಹೊಳೆಯುವ ಮುಚ್ಚಳ. ಅದಿಲ್ಲದ ಕಾರು ಮೂಗುಬೊಟ್ಟಿಲ್ಲದ ಮದುವಣಗಿತ್ತಿ. ಸಾಬರು ಉಳಿದ ಒಂದನ್ನು ಮಾದರಿ ಇಟ್ಟುಕೊಂಡು, ತಾಮ್ರದ ತಗಡಿನಲ್ಲಿ ಮೂರು ತಟ್ಟಿ, ಕಲಾಯಿ ಹಾಕಿ ಕೊಟ್ಟರು. ಅಮೆರಿಕದವನೇ ಬಂದರೂ ಯಾವುದು ತನ್ನದು ಅಂತ ಹೇಳಲಾರ.

ಸ್ವಲ್ಪ ದಿನಕ್ಕೆ ಅವರ ಮಗಳ ಮದುವೆ. ನಮ್ಮಾಕೆಯ ಜೊತೆ ಕಾರಿನಲ್ಲೇ ಹೋದೆ. ಊಟಕ್ಕೆ ಮುಂಚೆ ಹೊರಗೆ ಬಂದು ನೋಡಿದರೆ ನಾಲ್ಕು ಗಾಲಿಯೂ ಬೋಳು. ಮದುವೆ ಮನೆಯಲ್ಲಿ ಕಳ್ಳತನ ಅಂತ ಹೇಳುವುದು ಹೇಗೆ? ಮೆಲ್ಲಗೆ ಹುಡುಕುತ್ತಾ ಹಿತ್ತಿಲಿಗೆ ಹೋದೆ. ಅಲ್ಲಿ ಸಾಲಾಗಿ ನಾಲ್ಕು ಬಿರಿಯಾನಿ ಪಾತ್ರೆ. ನಾಲ್ಕರ ಬಾಯಿಗೂ ನನ್ನ ಗಾಲಿಯ ಮುಚ್ಚಳ, ಸುತ್ತ ಮೈದಾ ಮೆತ್ತಿ, ಮೇಲೆ ಕೆಂಡ ಹರವಿದೆ.

ಸಾಬರು ನಾಚಿಕೊಂಡರು. ಬಾಡಿಗೆ ಪಾತ್ರೆಗಳು ಮುಚ್ಚಳವಿಲ್ಲದೆ ಬಂದವಂತೆ, ದಮ್ ಹಾಕುವ ಹೊತ್ತು ಮೀರುತ್ತಿತ್ತಂತೆ. "ಮಾಫ್ ಕರೋ ಭಾಯ್, ನಾನೇ ಮಾಡಿದ್ದಲ್ವಾ, ಅಳತೆ ಕೈಗೆ ಗೊತ್ತಿತ್ತು" ಅಂದರು. ತೆಗೆಯಿರಿ ಅನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಮೂಗಿಗೆ ಬಡಿಯಿತು, ಬಾಯಿ ಮುಚ್ಚಿಕೊಂಡೆ.

ಆವತ್ತಿನ ದಮ್ಮಿನ ಹಾಗೆ ತಮ್ಮ ಆಯುಷ್ಯದಲ್ಲೇ ಕೂತಿಲ್ಲ ಅಂತ ಅಡುಗೆಯವರು ಹೇಳಿದರು. ಮುಚ್ಚಳಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಕನ್ನಡಿ ಮಾಡಿ ವಾಪಸ್ಸು ಹಾಕಿದರು. ಅದಾದ ಮೇಲೆ ಆ ಮೊಹಲ್ಲಾದ ಯಾವ ಮದುವೆಗೂ ನನ್ನನ್ನು ಕರೆಯದೆ ಇರುತ್ತಿರಲಿಲ್ಲ. ಒಂದು ಸಲ ಮಾತ್ರ ಕಾರು ಬಿಚ್ಚಿಟ್ಟಿದ್ದೆ ಅಂತ ಬಸ್ಸಿನಲ್ಲಿ ಹೋದೆ. ಹೆಣ್ಣಿನ ತಂದೆ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡು, ನನ್ನ ಹೆಗಲ ಮೇಲಿಂದ ಬೀದಿಯ ಎರಡೂ ಕಡೆ ನೋಡಿ, ತೋಳು ಸಡಿಲಿಸಿದರು.

೫. ಕಲಿಸುವ ಕಾರು

ಮಾವನ ಕಿರಿಮಗನಿಗೆ ಸಿರಾ ಪೇಟೆಯಲ್ಲಿ ಹೆಣ್ಣು ಗೊತ್ತಾಯಿತು. ಎಲೆ ಅಡಿಕೆ ಬದಲಾಯಿಸುವ ಶಾಸ್ತ್ರ ಬೆಳಿಗ್ಗೆ ಹತ್ತು ಗಂಟೆಯ ಒಳಗೆ. ಅದಕ್ಕೆ ನಾಲ್ಕು ದಿನ ಮುಂಚೆ ಮಾವ ಮಧುಗಿರಿಗೆ ಬಂದರು. ಬಂಪರು ತಡಕಲಿಲ್ಲ. ಸೀಟಿನ ಧೂಳು ಒರೆಸಿದರು. ಕಾರಿಗೆ ಹುಷಾರಾ ಅಂತ ಕೇಳಿದರು. ನನಗೆ ಅನುಮಾನ ಬಂತು. ಕೊನೆಗೆ ನಮ್ಮಾಕೆ ಬಾಯಿ ಬಿಡಿಸಿದಳು. ಹೊಸ ಬೀಗರ ಮುಂದೆ ಅವರು, ನಾವೆಲ್ಲ ನಮ್ಮ ಕಾರಿನಲ್ಲೇ ಬರ್ತೀವಿ ಅಂತ ಹೇಳಿ ಬಂದಿದ್ದರು. ನಮ್ಮ ಕಾರಂತೆ. ಅಷ್ಟು ವರ್ಷ ಗುಜರಿ ಅಂದ ಬಾಯಿ ಅದು. ನನಗೆ ಆದ ಹಿಗ್ಗಿಗೆ ಆವತ್ತು ಇಂಜಿನ್ನಿಲ್ಲದೆ ನಾನೇ ಅವರನ್ನು ಹೊತ್ತುಕೊಂಡು ಹೋಗಿಬಿಡುತ್ತಿದ್ದೆ.

ಆ ದಿನ ಮಾವ ಜರಿ ರುಮಾಲು ಸುತ್ತಿ ಬಲಗಡೆ ಕೂತರು. ಹಿಂದೆ ಅತ್ತೆ, ಗಂಡು, ನಮ್ಮಾಕೆ, ತಟ್ಟೆ ತಂಬಿಟ್ಟು. ಹಳ್ಳಿ ಬಿಟ್ಟು ಒಂದು ಮೈಲಿ ಆಗಿರಬೇಕು, ಕೆಳಗೆ ಕಟಕ್ ಅಂತು. ಇಂಜಿನ್ನು ಹಾಡುತ್ತಿದೆ, ಗಾಲಿ ಕೇಳಿಸಿಕೊಳ್ಳುತ್ತಿಲ್ಲ. ಕ್ಲಚ್ಚಿನ ಪ್ಲೇಟು ಹೋಗಿತ್ತು. ಬಿಚ್ಚಿ ಸರಿಮಾಡಲು ನನ್ನಂಥವನಿಗೂ ಅರ್ಧ ದಿನ ಬೇಕು. ಬಿಸಿಲು ಏರುತ್ತಿತ್ತು. ತಳ್ಳೋಣವೆಂದರೆ ಮುಂದೆ ಏರು.

ಆಗಲೇ ಎದುರಿಗೆ ಮಾವನ ಆಳು ಬಂದ. ಹೊಸದಾಗಿ ತಂದ ಜೋಡಿ ಹೋರಿಗಳನ್ನು ಪಳಗಿಸುತ್ತಿದ್ದ. ನಮ್ಮಲ್ಲಿ ಹೊಸ ಹೋರಿಯನ್ನು ಏಕ್‌ದಂ ಗಾಡಿಗೆ ಕಟ್ಟುವುದಿಲ್ಲ. ಮೊದಲು ನೊಗ ಹಾಕಿ, ಭಾರದ ಕೊರಡು ಕಟ್ಟಿ, ದಾರಿಯಲ್ಲಿ ಎಳೆಸಿ ಎಳೆಸಿ ಅಭ್ಯಾಸ ಮಾಡಿಸುತ್ತಾರೆ. ಆಳು ಹೋರಿಗಳನ್ನು ನೋಡಿದ, ಕಾರನ್ನು ನೋಡಿದ, ಮಾವನನ್ನು ನೋಡಿದ. ನಾನು ಕಾರಿನ ಫುಟ್‌ಬೋರ್ಡಿನ ಮೇಲೆ ಕೂತುಬಿಟ್ಟೆ. ಬೇಡ ಮಾವ, ಇಲ್ಲೇ ತುಕ್ಕು ಹಿಡಿಯಲಿ, ಎತ್ತು ಮಾತ್ರ ಕಟ್ಟಿಸಬೇಡಿ, ನೀವೆಲ್ಲ ನಡೆದುಹೋಗಿ ಅಂದೆ. ಹತ್ತು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ.

ಮಾವ ಇಳಿದರು. ತಾವೇ ಕೊರಡಿನ ಹಗ್ಗ ಬಿಚ್ಚಿ ನನ್ನ ಬಂಪರಿಗೆ ಬಿಗಿದರು. ಯಾವ ಬಂಪರು? ಹತ್ತು ವರ್ಷ ಬೆರಳಾಡಿಸಿದ ಅದೇ ಬಂಪರು. "ಬಾಯ್ಮುಚ್ಕಂಡು ಚಕ್ರ ಹಿಡ್ಕಂಡು ಕೂತ್ಕಳ್ಲಾ" ಅಂದರು.

ಹೀಗೆ ಸಿರಾದ ಪೇಟೆ ಬೀದಿಗೆ ಬಂದೆವು. ಷರತ್ತು ಗೊತ್ತಿಲ್ಲದವರು ನಾಲ್ಕು ತಾಲ್ಲೂಕಿನಲ್ಲಿ ಯಾರಿದ್ದರು? ಅಂಗಡಿಯವರು ಎದ್ದು ಬಂದರು. ಹೋಟೆಲಿನ ಜಗಲಿಯ ಮೇಲೆ, ಎತ್ತಿನ ವ್ಯಾಪಾರದಲ್ಲಿ ಮಾವನಿಗೆ ಎಂದೂ ಆಗದ ಒಬ್ಬ ಯಜಮಾನರು ಕೂತಿದ್ದರು. ಅವರು ಕಾಫಿ ಲೋಟ ಕೆಳಗಿಟ್ಟು, ಗೌಡ್ರೇ, ಅಳಿಯನ ಕಾರು ಬಾಲ ಹಿಡ್ದೇ ಬುಡ್ತಲ್ಲ, ಗುಜರಿಯವನಿಗೆ ನಾನೇ ಹೇಳ್ಕಳ್ಸಲಾ ಅಂದರು. ಬೀದಿಯೆಲ್ಲ ನಕ್ಕಿತು. ನಾನು ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡೆ. ಮುಗಿಯಿತು ಅಂದುಕೊಂಡೆ.

ಮಾವ ಕಿಟಕಿಯಿಂದ ರುಮಾಲು ಹೊರಗೆ ಹಾಕಿ ಹೇಳಿದರು:

"ಕಾರು ಯಾಕೆ ಕೆಡ್ತದೆ? ಹೋರಿ ಪಳಗಿಸ್ತಾ ಇವ್ನಿ. ಕೊರಡು ಎಳೆದ ಹೋರಿ ಬಸ್ಸು ಕಂಡ್ರೆ ಬೆದರ್ತದೆ. ಕಾರು ಎಳೆದ ಹೋರಿ ಬೆದರಲ್ಲ. ನಿಮ್ಮಲ್ಲಿ ಇನ್ನೂ ಕೊರಡೇನಾ?"

ನಗು ನಿಂತಿತು. ಯಜಮಾನರು ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮಾವನಿಗೆ ಹುರುಪು ಬಂದುಬಿಟ್ಟಿತ್ತು. ನೋಡಲಿ ಅವರು, ಹಾರನ್ ಒತ್ತು ಅಂದರು. ಬೇಡ ಅಂದೆ. ಒತ್ತಲಾ ಅಂದರು. ನನ್ನ ಕಾರಿನ ಹಾರನ್ನು ಒತ್ತಿದರೆ ಮಧುಗಿರಿ ಬೆಟ್ಟದ ಮೇಲಿನ ಹದ್ದು ಎದ್ದು ಹಾರುತ್ತಿದ್ದವು. ಒತ್ತಿದೆ.

ಹೋರಿಗಳು ನೆಲದಿಂದ ಮೊಳ ಎತ್ತರ ನೆಗೆದು ಕಿತ್ತವು ನೋಡಿ ಓಟ. ಅಮೆರಿಕದಲ್ಲಿ ಹುಟ್ಟಿದ ದಿನದಿಂದ ಆ ಕಾರು ಅಷ್ಟು ಜೋರಾಗಿ ಓಡಿರಲಿಲ್ಲ. ತರಕಾರಿಯವರು ಒಂದು ಕಡೆ, ತಂಬಿಟ್ಟು ಒಂದು ಕಡೆ. ಮೂರು ತಿರುವು ಕಣ್ಣು ಮುಚ್ಚಿ ತಿರುಗಿಸಿದೆ. ಬೀಗರ ಮನೆಯ ಚಪ್ಪರದ ಮುಂದೆ ಬ್ರೇಕಿನ ಮೇಲೆ ಎದ್ದು ನಿಂತೆ, ಕಾರು ನಿಂತಿತು, ಹೋರಿಗಳೂ ನಿಂತವು. ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು.

ಮಾವ ಬಾಗಿಲು ತೆಗೆದು ಇಳಿದರು. ಬಿಚ್ಚಿಹೋದ ರುಮಾಲನ್ನು ನಿಧಾನವಾಗಿ ಸುತ್ತಿಕೊಂಡರು. ಗಾಬರಿಯಿಂದ ನಿಂತ ಬೀಗರಿಗೆ ಕೈ ಮುಗಿದು, "ಇನ್ನೂ ಪೂರ್ತಿ ಪಳಗಿಲ್ಲ" ಅಂದರು.

ಶಾಸ್ತ್ರ ಮುಗಿದ ಮೇಲೆ ಮೆಲ್ಲಗೆ ಕೇಳಿದೆ, ಮಾವ, ಮಾತು ಮಾತೇ, ಕಾರು ಗುಜರಿಗೆ ಹಾಕಲಾ ಅಂತ. ಎಳೆಸಿಕೊಂಡು ಬಂದ್ರೆ ಗುಜರಿಗೆ ಹಾಕು ಅಂದಿದ್ದೆ, ಇದು ಎಳೆಸ್ಕಳ್ಲಿಲ್ಲ, ಕಲಿಸ್ತು ಅಂದರು.

ಕ್ಲಚ್ಚು ಸರಿಮಾಡಿದ ಮಾರನೇ ವಾರ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನಮ್ಮ ಬೀದಿಯ ತುಂಬ ಹೋರಿ. ಸಿರಾ ಕಡೆಯ ಏಳು ಜನ ರೈತರು, ಏಳು ಜೋಡಿ, ಏಳು ಹಗ್ಗ. ಹೋಟೆಲಿನ ಜಗಲಿಯಲ್ಲಿ ಕೂತಿದ್ದ ಆ ಯಜಮಾನರೂ ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದಾರೆ. ಯಾರದು ಮೊದಲು, ಯಾರದು ಆಮೇಲೆ ಅಂತ ವ್ಯವಸ್ಥೆ ಮಾಡುತ್ತಿದ್ದವರು ನನ್ನ ಮಾವ. ಸುಮ್ಮನೆ ಹೇಳುವುದಲ್ಲ, ನಮ್ಮ ಸೀಮೆಯ ಎತ್ತು ಬಸ್ಸು ಲಾರಿಗೆ ಬೆದರುವುದನ್ನು ಬಿಟ್ಟದ್ದು ನನ್ನ ಕಾರಿನಿಂದ. ಬೆಟ್ಟದ ಬುಡದ ಬಯಲಿನಲ್ಲಿ ಸುತ್ತಿದ್ದೇ ಸುತ್ತಿದ್ದು.

ಎರಡನೇ ಜೋಡಿಯ ಸುತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. ಎಂಟು ಸಿಲಿಂಡರು ಕಣ್ರೀ, ಬಾಯಿ ಮುಚ್ಚಿಕೊಂಡು ಎಷ್ಟು ಹೊತ್ತು ಎಳೆಸಿಕೊಳ್ಳುತ್ತದೆ? ಇಂಜಿನ್ನು ಚಾಲೂ ಮಾಡಿ, ಗೇರಿಗೆ ಹಾಕಿ, ಸ್ವಲ್ಪವೇ ಸ್ವಲ್ಪ ಮುಂದಕ್ಕೆ ಬಿಟ್ಟೆ. ಹಗ್ಗ ಸಡಿಲವಾಯಿತು. ಹೋರಿಯ ರೈತ ಅಲ್ಲೇ ನಿಂತು ಮಾವನ ಕಡೆ ತಿರುಗಿ ದೂರು ಹೇಳಿದ:

"ಗೌಡ್ರೇ, ನಿಮ್ಮ ಅಳಿಯಂದ್ರಿಗೆ ಒಸಿ ಹೇಳಿ. ಕಾರು ಇಂಗೆ ತಾನೇ ಓಡಕ್ಕೆ ನಿಂತ್ರೆ ನಮ್ಮ ಹೋರಿ ಸೋಮಾರಿ ಆಗೋಯ್ತವೆ."